ಗಡಿಯಾರದ ಮೇಲಣ ಹೆಸರು

ಕೈಗಡಿಯಾರದ ಮುಖಫಲಕದ ಮೇಲೆ ಒಂದು ಹೆಸರು ಬರೆದಿರುವುದು ವಾಡಿಕೆ. ಆ ಹೆಸರು ಯಾರನ್ನು ಸೂಚಿಸುತ್ತದೆ? ಮಾಡಿದವನನ್ನೋ, ಮಾಡಿಸಿದವನನ್ನೋ, ಮಾರಿದವನನ್ನೋ? ಈ ಪ್ರಶ್ನೆಯು ಹಳೆಯದು. ಆದರೆ ಕಳೆದ ಎರಡು ದಶಕಗಳಲ್ಲಿ ಅದು ಮತ್ತೆ ತಲೆಯೆತ್ತಿದೆ. ಯೂರೋಪು, ಅಮೆರಿಕ, ಏಷ್ಯಾ ಖಂಡಗಳಲ್ಲಿ ನಾಲ್ಕಾರು ಮಂದಿ ಸೇರಿ, ಒಮ್ಮೊಮ್ಮೆ ಒಬ್ಬರೇ ನಿಂತು, ತಮ್ಮದೇ ಹೆಸರಿನಲ್ಲಿ ಅಲ್ಪಸಂಖ್ಯೆಯ ಗಡಿಯಾರಗಳನ್ನು ಹೊರತರುತ್ತಿದ್ದಾರೆ. ಇಂತಹ ಕಿರುಸಂಸ್ಥೆಗಳಿಗೆ ಮೈಕ್ರೋಬ್ರ್ಯಾಂಡ್ ಎಂಬ ಹೆಸರು ರೂಢಿಗೆ ಬಂದಿದೆ. ದೊಡ್ಡ ಮನೆತನಗಳ ಅಧೀನಕ್ಕೆ ಒಳಗಾಗದೆ ಇರುವುದರಿಂದ ಅವು ತಮ್ಮನ್ನು ಸ್ವತಂತ್ರವೆಂದು ಕರೆದುಕೊಳ್ಳುತ್ತವೆ. ಆದರೆ ಅವುಗಳ ಗಡಿಯಾರದ ಹಿಂಬದಿಯನ್ನು ತೆರೆದು ನೋಡಿದರೆ ಒಳಯಂತ್ರವು ಬಹುತೇಕ ಪರರದ್ದೇ ಆಗಿರುತ್ತದೆ. ಹಾಗಾದರೆ ಈ ಸ್ವಾತಂತ್ರ್ಯವು ಎಂತಹದು? ಇದಕ್ಕೆ ಉತ್ತರವನ್ನು ಇತಿಹಾಸದಲ್ಲಿಯೇ ಹುಡುಕಬೇಕು.

ಸ್ವಿಟ್ಜರ್ಲೆಂಡಿನ ಜೂರಾ ಪರ್ವತಗಳ ನಡುವೆ ಹದಿನೆಂಟನೆಯ ಶತಮಾನದಲ್ಲಿ ಗಡಿಯಾರದ ಕಸಬು ಒಂದೇ ಸೂರಿನಡಿಯಲ್ಲಿ ನಡೆಯುತ್ತಿರಲಿಲ್ಲ. ಒಂದು ಮನೆಯವರು ಹಲ್ಲುಚಕ್ರಗಳನ್ನು ಕಡೆದರೆ ಮತ್ತೊಂದು ಮನೆಯವರು ಮುಳ್ಳುಗಳನ್ನು ಮಾಡುತ್ತಿದ್ದರು; ಇನ್ನೊಬ್ಬರು ಹೊರಕವಚವನ್ನು ಬಡಿಯುತ್ತಿದ್ದರು. ವರ್ತಕನೊಬ್ಬನು ಇವೆಲ್ಲವನ್ನೂ ಕೂಡಿಹಾಕಿ, ಗಡಿಯಾರವನ್ನು ಪೂರ್ಣಗೊಳಿಸಿ, ತನ್ನ ಹೆಸರನ್ನು ಕೊರೆಯಿಸಿ ಮಾರುತ್ತಿದ್ದನು. ಈ ಪದ್ಧತಿಗೆ ಫ್ರೆಂಚ್ ಭಾಷೆಯಲ್ಲಿ ಎತಾಬ್ಲಿಸಾಜ್ ಎಂದು ಹೆಸರು. 1793ರಲ್ಲಿ ಫೋಂತೆನ್‌ಮೆಲೋಂ ಎಂಬ ಊರಿನಲ್ಲಿ ಎಬೋಷ್, ಎಂದರೆ ಇನ್ನೂ ನಯಗೊಳಿಸದ ಒಳಯಂತ್ರದ ಅಚ್ಚುಗಟ್ಟನ್ನು ಮಾತ್ರ ತಯಾರಿಸುವ ಕಾರ್ಖಾನೆಯು ಸ್ಥಾಪಿತವಾಯಿತು. ಅಂದಿನಿಂದ ಒಳಯಂತ್ರವು ಬೆಲೆ ಕೊಟ್ಟು ಕೊಳ್ಳಬಹುದಾದ ಪದಾರ್ಥವಾಯಿತು. ಇಂದು ಕಿರುಸಂಸ್ಥೆಗಳ ಮೇಲೆ ಹೊರಿಸುವ ಆಕ್ಷೇಪಣೆಯನ್ನು ಅಂದಿನ ಸ್ವಿಸ್ ವರ್ತಕರಲ್ಲಿ ಅನೇಕರ ಮೇಲೆಯೂ ಹೊರಿಸಬಹುದಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಈ ಒಳಯಂತ್ರಗಳ ಬಲವು ಕೆಲವರ ಕೈಯಲ್ಲಿ ಕೇಂದ್ರೀಕೃತವಾಯಿತು. 1926ರಲ್ಲಿ ಫೋಂತೆನ್‌ಮೆಲೋಂ ಕಾರ್ಖಾನೆಯೂ ಇನ್ನೆರಡು ಕಾರ್ಖಾನೆಗಳೂ ಕೂಡಿ ಎಬೋಷ್ ಎಸ್.ಎ. ಎಂಬ ಒಕ್ಕೂಟವಾದವು, 1931ರಲ್ಲಿ ಅದು ಆಸುವಾಗ್ ಎಂಬ ಮಹಾಸಂಸ್ಥೆಯ ಆಶ್ರಯಕ್ಕೆ ಬಂದಿತು. ಹೀಗೆ ಗಡಿಯಾರದ ಹೆಸರುಗಳು ನೂರಾರಾಗಿದ್ದರೂ ಅವುಗಳ ಒಳಗಿನ ಉಸಿರು ಕೆಲವೇ ಕಾರ್ಖಾನೆಗಳಿಂದ ಬರತೊಡಗಿತು.

1969ನೆಯ ಡಿಸೆಂಬರ್ 25ರಂದು ಜಪಾನಿನ ಸೈಕೋ ಸಂಸ್ಥೆಯು ಆಸ್ಟ್ರಾನ್ ಎಂಬ ಸ್ಫಟಿಕದ, ಎಂದರೆ ಕ್ವಾರ್ಟ್ಸ್ ಗಡಿಯಾರವನ್ನು ಮಾರಾಟಕ್ಕೆ ತಂದಿತು. ವಿದ್ಯುತ್ಕೋಶದಿಂದ ನಡೆಯುವ ಈ ಗಡಿಯಾರಕ್ಕೆ ಕೀಲಿ ಕೊಡಬೇಕಾಗಿರಲಿಲ್ಲ. ಕಾಲಗಣನೆಯಲ್ಲಿಯೂ ಅದು ಹಲ್ಲುಚಕ್ರದ ಗಡಿಯಾರವನ್ನು ಬಹುವಾಗಿ ಮೀರಿತು. ತರುವಾಯ ಅದರ ಬೆಲೆಯೂ ಇಳಿಯಿತು. 1970ರಲ್ಲಿ ಸ್ವಿಸ್ ಗಡಿಯಾರದ ಉದ್ಯಮದಲ್ಲಿ ಸುಮಾರು 90,000 ಮಂದಿ ಕೆಲಸಗಾರರಿದ್ದರು. 1980ರ ದಶಕದ ಮಧ್ಯದ ವೇಳೆಗೆ ಉಳಿದವರು ಮೂವತ್ತು ಸಾವಿರಕ್ಕೆ ತುಸು ಹೆಚ್ಚು ಮಾತ್ರ. 1983ರಲ್ಲಿ ಆಸುವಾಗ್ ಮತ್ತು ಇನ್ನೊಂದು ಮಹಾಸಂಸ್ಥೆಗಳನ್ನು ಒಂದುಗೂಡಿಸಿ ಉದ್ಯಮವನ್ನು ಉಳಿಸಿಕೊಳ್ಳಲಾಯಿತು. ಈಗಿನ ಸ್ವಾಚ್ ಗ್ರೂಪ್ ಹುಟ್ಟಿದ್ದು ಈ ಕೂಡಿಕೆಯಿಂದಲೇ. ಒಳಯಂತ್ರಗಳನ್ನು ತಯಾರಿಸುವ ಎಟಾ ಕಾರ್ಖಾನೆಯು ಅದರ ವಶದಲ್ಲಿದೆ.

ಇದೇ ದುಷ್ಕಾಲದಲ್ಲಿ ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ (1926–2011) ಎಂಬ ಕುಶಲಿಯು ಪ್ರವಾಹಕ್ಕೆ ಎದುರಾಗಿ ನಿಂತನು. ಗಡಿಯಾರದ ಹೆಚ್ಚುಕಡಿಮೆ ಎಲ್ಲ ಭಾಗಗಳನ್ನೂ ತನ್ನ ಕೈಯಿಂದಲೇ ಮಾಡುವುದು ಅವನ ವ್ರತವಾಗಿತ್ತು. ಚಕ್ರಗಳ ಓಟವನ್ನು ತಡೆತಡೆದು ಬಿಡುವ ಅಂಗವಾದ ಎಸ್ಕೇಪ್‌ಮೆಂಟಿನಲ್ಲಿ ಉಜ್ಜಾಟವನ್ನು ತಗ್ಗಿಸಿ, ಎಣ್ಣೆಯ ಅವಶ್ಯಕತೆಯನ್ನು ಕಡಮೆ ಮಾಡುವ ಕೋಆಕ್ಸಿಯಲ್ ಎಂಬ ಹೊಸ ವಿಧಾನವನ್ನು ಅವನು 1970ರ ದಶಕದಲ್ಲಿ ಕಂಡುಹಿಡಿದನು. ಆದರೆ ಅದನ್ನು ಕೈಗೊಳ್ಳಿರೆಂದು ಅನೇಕ ವರ್ಷಗಳ ಕಾಲ ಸ್ವಿಸ್ ಕಾರ್ಖಾನೆಗಳ ಬಾಗಿಲನ್ನು ತಟ್ಟಬೇಕಾಯಿತು. ಕಡೆಗೆ 1999ರಲ್ಲಿ ಒಮೇಗಾ ಸಂಸ್ಥೆಯು ಅದನ್ನು ಅಳವಡಿಸಿದ ಗಡಿಯಾರವನ್ನು ಹೊರತಂದಿತು. ಎಲ್ಲವನ್ನೂ ಒಬ್ಬನೇ ಮಾಡಬಲ್ಲವನ ವಿದ್ಯೆಯೂ ಲೋಕಕ್ಕೆ ಹರಡಬೇಕಾದರೆ ದೊಡ್ಡ ಕಾರ್ಖಾನೆಯ ಆಸರೆ ಬೇಕಾಯಿತು.

ಡೇನಿಯಲ್ಸನ ದಾರಿಯು ವಿರಳರ ದಾರಿ. ಕಿರುಸಂಸ್ಥೆಗಳದು ಹಳೆಯ ಜೂರಾ ವರ್ತಕನ ದಾರಿ. 2002ರಲ್ಲಿ ಎಟಾ ಕಾರ್ಖಾನೆಯು ಹೊರಗಿನವರಿಗೆ ಎಬೋಷ್‌ಗಳನ್ನು ಕೊಡುವುದನ್ನು ಕ್ರಮೇಣ ನಿಲ್ಲಿಸುವೆನೆಂದು ಸಾರಿತು. ಸ್ವಿಸ್ ಸ್ಪರ್ಧಾ ಆಯೋಗವು ನಡುವೆ ಪ್ರವೇಶಿಸಿತು. 2013ರ ಒಪ್ಪಂದದಂತೆ ಸರಬರಾಜು ಹಂತಹಂತವಾಗಿ 2019ರವರೆಗೆ ತಗ್ಗುತ್ತ ಬಂದಿತು. ಈ ಬಾಗಿಲು ಮುಚ್ಚುತ್ತಿದ್ದಂತೆ ಬೇರೆ ಬಾಗಿಲುಗಳು ತೆರೆದವು. ಲಾ ಶೋ ದ ಫೋಂ ನಗರದಲ್ಲಿ 1950ರಲ್ಲಿ ಸ್ಥಾಪಿತವಾದ ಸೆಲ್ಲಿಟಾ ಸಂಸ್ಥೆಯು ಎಟಾದ ಪೇಟೆಂಟುಗಳ ಅವಧಿ ಮುಗಿದಿದ್ದ ಯಂತ್ರದ ಮಾದರಿಯಲ್ಲಿ ತನ್ನದೇ ಯಂತ್ರವನ್ನು ಮಾಡತೊಡಗಿತು. ಜಪಾನಿನ ಸಿಟಿಜನ್ ಬಳಗದ ಮಿಯೋಟಾ, ಸೈಕೋ, ಚೀನದ ಸೀಗಲ್, ಇವುಗಳ ಯಂತ್ರಗಳೂ ಸುಲಭವಾಗಿ ದೊರೆತವು. ಅಂತರ್ಜಾಲವು ಅಂಗಡಿಯ ಬಾಡಿಗೆಯನ್ನು ಉಳಿಸಿತು. 2009ರಲ್ಲಿ ಆರಂಭವಾದ ಕಿಕ್‌ಸ್ಟಾರ್ಟರ್ ಮುಂಗಡವಾಗಿ ಬಂಡವಾಳವನ್ನು ಕೂಡಿಸಿಕೊಟ್ಟಿತು. ಫ್ರಾನ್ಸಿನ ಬಾಲ್ಟಿಕ್ ಸಂಸ್ಥೆಯು 2017ರಲ್ಲಿ ಹೀಗೆಯೇ ಹುಟ್ಟಿತು. ಅದರ ಮೊದಲ ಗಡಿಯಾರಗಳಲ್ಲೊಂದರ ಸೀಗಲ್ ಯಂತ್ರದ ಮೂಲವಾದರೂ ಎಲ್ಲಿಯದು? ವೀನಸ್ ಎಂಬ ಸ್ವಿಸ್ ಕಾರ್ಖಾನೆಯು 1960ರ ದಶಕದ ಆದಿಯಲ್ಲಿ ಚೀನಕ್ಕೆ ಮಾರಿದ ಉಪಕರಣಗಳಲ್ಲಿ! ಯಂತ್ರವು ದೇಶಾಂತರಗಳನ್ನು ಸುತ್ತಿ ಮತ್ತೆ ಯೂರೋಪಿನ ಹೆಸರನ್ನು ಹೊತ್ತಿತು.

ಹೀಗಿರಲು, ಕಿರುಸಂಸ್ಥೆಗಳವರು ಗಡಿಯಾರದ ಕರ್ತೃಗಳೇ ಅಲ್ಲವೆನ್ನುವವರುಂಟು. ತರ್ಕಶಾಸ್ತ್ರವನ್ನು ಆರಂಭಿಸುವ ಬಾಲಕನಿಗೆ ಬಟ್ಟೆಯ ದೃಷ್ಟಾಂತವನ್ನು ಹೇಳುವುದುಂಟು: ನೂಲು ಸಮವಾಯಿಕಾರಣ, ನೂಲುಗಳ ಸಂಯೋಗ ಅಸಮವಾಯಿಕಾರಣ, ನೇಕಾರನೂ ಮಗ್ಗವೂ ನಿಮಿತ್ತಕಾರಣ. ನೂಲನ್ನು ತಾನೇ ತೆಗೆಯಲಿಲ್ಲವೆಂಬ ಮಾತ್ರಕ್ಕೆ ನೇಕಾರನು ಬಟ್ಟೆಯ ಕರ್ತೃವಲ್ಲವೆಂದು ಯಾರೂ ಹೇಳರು. ಆದರೆ ನೂಲನ್ನೂ ತಾನೇ ತೆಗೆದೆನೆಂದು ಅವನು ಹೇಳಿದರೆ ಅದು ಅನೃತ. ಗಡಿಯಾರದ ವಿಷಯದಲ್ಲಿಯೂ ದೋಷವಿರುವುದು ಪರರ ಯಂತ್ರವನ್ನು ಬಳಸುವುದರಲ್ಲಲ್ಲ, ಅದನ್ನು ಮರೆಮಾಚುವುದರಲ್ಲಿ. ಅಲ್ಲದೆ, ಕಿರುಸಂಸ್ಥೆಯು ನಾಳೆ ಮುಚ್ಚಿಹೋದರೂ ಸಾಮಾನ್ಯವಾದ ಯಂತ್ರವಿರುವ ಗಡಿಯಾರವನ್ನು ಊರಿನ ರಿಪೇರಿಯವನು ಸರಿಪಡಿಸಬಲ್ಲನು. ಇದು ಕೊಂಡವನಿಗೆ ಸಣ್ಣ ಲಾಭವಲ್ಲ.

ಕರ್ಣಾಟಕಕ್ಕೂ ಈ ಕಥೆಯಲ್ಲಿ ಪಾಲುಂಟು. 1961ರಲ್ಲಿ ಎಚ್.ಎಂ.ಟಿ. ಸಂಸ್ಥೆಯು ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆಯನ್ನು ತೆರೆದದ್ದು ಅದೇ ಸಿಟಿಜನ್ ಸಂಸ್ಥೆಯ ಸಹಯೋಗದಿಂದ. ಪರರಿಂದ ಕಲಿತ ವಿದ್ಯೆಯು ಇಲ್ಲಿಯ ಕೈಗಳಲ್ಲಿ ನೆಲಸಿ, ಜನತಾ, ಪೈಲಟ್ ಮುಂತಾದ ಗಡಿಯಾರಗಳು ಮನೆಮನೆಯ ಆಸ್ತಿಯಾದವು. ಮದುವೆಯಲ್ಲಿ ಅಳಿಯನಿಗೆ ಕೊಟ್ಟ ಗಡಿಯಾರವು ಮೊಮ್ಮಗನ ಕೈಗೆ ಬಂದ ಸಂಸಾರಗಳು ಈ ನಾಡಿನಲ್ಲಿ ಎಷ್ಟೋ ಇವೆ. 2016ರಲ್ಲಿ ಕೇಂದ್ರ ಸರಕಾರವು ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಸಮ್ಮತಿಸಿತು. 2018ರಲ್ಲಿ ಅದೇ ನಗರದಲ್ಲಿ ಬೆಂಗಳೂರ್ ವಾಚ್ ಕಂಪನಿ ಎಂಬ ಕಿರುಸಂಸ್ಥೆಯು ಹುಟ್ಟಿ, ಸ್ವಿಸ್ ಯಂತ್ರಗಳನ್ನು ತರಿಸಿಕೊಂಡು, ಮಿಗ್-21 ವಿಮಾನವೇ ಮೊದಲಾದ ಭಾರತದ ವಸ್ತುಗಳಿಂದ ಸ್ಫೂರ್ತಿ ಪಡೆದ ಗಡಿಯಾರಗಳನ್ನು ಹೊರತರತೊಡಗಿತು. ಹಿಂದೆ ಯಂತ್ರವನ್ನೇ ಮಾಡುತ್ತಿದ್ದ ಊರು ಈಗ ಯಂತ್ರವನ್ನು ತರಿಸಿಕೊಳ್ಳುತ್ತಿದೆಯೆಂಬುದು ಯೋಚಿಸತಕ್ಕ ವಿಷಯ. ಹೆಸರನ್ನು ಬರೆಯಲು ಕೆಲವು ತಿಂಗಳು ಸಾಕು. ಹಲ್ಲುಚಕ್ರವನ್ನು ಕಡೆಯುವ ಕೈಗಳನ್ನು ಬೆಳೆಸಲು ಒಂದು ತಲೆಮಾರು ಬೇಕು. ಹೆಸರುಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಅಂತಹ ಕೈಗಳು ಮರೆಯಾಗದಂತೆ ನೋಡಿಕೊಳ್ಳುವ ದೇಶಕ್ಕೆ ಮಾತ್ರ, ಮುಂದೊಮ್ಮೆ ಸರಬರಾಜಿನ ಬಾಗಿಲು ಮುಚ್ಚಿದರೂ, ತನ್ನ ಕಾಲವನ್ನು ತಾನೇ ಅಳೆದುಕೊಳ್ಳುವ ಶಕ್ತಿ ಉಳಿದೀತು.