ಹಿತ್ತಲ ಗಿಡದ ಚರಿತ್ರೆ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಕೈಗೆ ಎಟುಕುವ ವಸ್ತುವಿಗೆ ಬೆಲೆ ಕೊಡದ ಮನುಷ್ಯ ಸ್ವಭಾವವನ್ನು ಆಡಿಕೊಳ್ಳುವ ಈ ಮಾತು ಚರಿತ್ರೆಯನ್ನು ಬರೆಯುವವರಿಗೂ ಸಲ್ಲುತ್ತದೆ. ಹೊಸೂರು, ಕೃಷ್ಣಗಿರಿ ಪ್ರಾಂತಗಳ ಚರಿತ್ರೆಯೆಂದರೆ ಕೋಟೆಗಳ, ಕಾಳಗಗಳ, ಒಪ್ಪಂದಗಳ ಚರಿತ್ರೆಯೆಂದೇ ನಾವು ಓದಿದ್ದೇವೆ. ಮನೆಯ ಹಿಂದಿನ ನಾಲ್ಕು ಮಾರು ನೆಲದಲ್ಲಿ ಸೊಪ್ಪು, ಕಾಯಿ, ಮದ್ದಿನ ಗಿಡಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕೈಗಳ ಕಥೆಯನ್ನು ಬರೆದಿಟ್ಟವರು ವಿರಳ. ಆ ಕಥೆ ಸಂಪೂರ್ಣವಾಗಿ ಅಳಿದಿಲ್ಲ; ಅದು ಗಿಡಗಳ ಹೆಸರುಗಳಲ್ಲಿ ಅಡಗಿದೆ.

ಮೊದಲು 'ಹಿತ್ತಲು' ಎಂಬ ಪದವನ್ನೇ ನೋಡೋಣ. ಹಳಗನ್ನಡದಲ್ಲಿ ಇದು 'ಪಿತ್ತಿಲ್'. ಹಳಗನ್ನಡದ ಪಕಾರವು ಮುಂದೆ ಹಕಾರವಾದುದನ್ನು ವಿದ್ಯಾರ್ಥಿಗಳು ಪಾಲ್–ಹಾಲು, ಪೂ–ಹೂ ಎಂಬ ಉದಾಹರಣೆಗಳಿಂದ ಅರಿತಿರುವರಷ್ಟೆ. ಅದೇ ಪಾಠವನ್ನು ಹಿತ್ತಲಲ್ಲಿಯೂ ಓದಬಹುದು. ನಮ್ಮ ಹಾಗಲ ತಮಿಳಿನಲ್ಲಿ ಪಾಗಲ್. ನಮ್ಮ ಹೀರೆ ಅಲ್ಲಿ ಪೀರ್ಕು. ನಮ್ಮ ಹೊನಗೊನ್ನೆ ಸೊಪ್ಪು ತಮಿಳರ ಪೊನ್ನಾಂಕಣ್ಣಿ, ತೆಲುಗರ ಪೊನ್ನಗಂಟಿ. ಮೂರು ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುವ ಹೊಸೂರಿನಲ್ಲಿ ವ್ಯಾಕರಣದ ಈ ಸೂತ್ರಕ್ಕೆ ನಿದರ್ಶನ ಬೇಕಾದರೆ ಬೇಲಿಯ ಆಚೆಯ ಮನೆಯವರನ್ನು ಕೇಳಿದರೆ ಸಾಕು.

ಗಿಡಗಳ ಆರೈಕೆಗೆ ನಮ್ಮ ಪೂರ್ವಿಕರು ಶಾಸ್ತ್ರದ ಗೌರವವನ್ನೂ ಕೊಟ್ಟಿದ್ದರು. ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ವಾಸ್ತು, ಜಲಶೋಧನೆ, ವೈದ್ಯ, ಅಡುಗೆಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಸ್ಥಾನವಿದೆ. ಮೂರನೆಯ ಮಂಗರಸನು ಸುಮಾರು 1508ರಲ್ಲಿ ಬರೆದ 'ಸೂಪಶಾಸ್ತ್ರ'ದಲ್ಲಿ ಬದನೆಯ ಅಡುಗೆಗಳೇ ಒಂದು ಭಾಗವನ್ನು ಪಡೆದಿವೆ. ಆದರೆ ಆ ಕಾಲದ ಅಡುಗೆಯಲ್ಲಿ ಮೆಣಸಿನಕಾಯಿ ಇರಲಿಲ್ಲ, ಖಾರವೆಂದರೆ ಮೆಣಸು. ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದ ಮೇಲೆ, ನಮ್ಮವರು ಹಳೆಯ ಮೆಣಸಿನ ಹೆಸರಿನಿಂದಲೇ ಹೊಸ ಕಾಯನ್ನು ಕರೆದು ಮನೆಯೊಳಕ್ಕೆ ಬಿಟ್ಟುಕೊಂಡರು. ಪರಂಗಿಯವರ ಹಣ್ಣು ಪರಂಗಿಯಾಯಿತು. ಹೊರಸೀಮೆಯಿಂದ ಬಂದುದು ಸೀಮೆಬದನೆಯಾಯಿತು. ಮೆಕ್ಸಿಕೋ ಮೂಲದ ಈ ಸೀಮೆಬದನೆಗೆ ತಮಿಳರು 'ಬೆಂಗಳೂರು ಕತ್ತರಿಕ್ಕಾಯ್' ಎನ್ನುತ್ತಾರೆ! ಅದು ಯಾವ ದಾರಿಯಿಂದ ತಮ್ಮ ಅಡುಗೆಮನೆಗೆ ಬಂದಿತೆಂಬುದನ್ನು ಆ ಹೆಸರು ಹೇಳುತ್ತಿದೆ.

ರಾಜ್ಯಗಳ ಎಲ್ಲೆಗಳು ಈ ನೆಲದ ಮೇಲೆ ಅನೇಕ ಸಲ ಸರಿದಾಡಿವೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲ್ ಕಂಪನಿಯ ವಶವಾಯಿತು. ಟಿಪ್ಪುವಿನ ಪತನಾನಂತರ 1799ರಲ್ಲಿ ಹೊಸೂರು ಸೀಮೆಯೂ ಸೇರಿತು. ಬಾರಾಮಹಲಿನಲ್ಲಿ ಕಂದಾಯದ ಏರ್ಪಾಡು ಮಾಡಿದವರು ಅಲೆಕ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೋ. ಹೊಲಗದ್ದೆಗಳ ಲೆಕ್ಕವನ್ನು ಇಂಥವರು ಬಿಟ್ಟುಹೋಗಿದ್ದಾರೆ. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕನನ್ ತರಕಾರಿ ತೋಟ, ತೆಂಗಿನ ತೋಟ, ಎಲೆತೋಟ, ಹೂವಿನ ತೋಟಗಳನ್ನು ಬೇರೆಬೇರೆಯಾಗಿ ಗುರುತಿಸಿದನು. ಆದರೆ ಪೇಟೆಗೆ ಹೋಗದ, ಕಂದಾಯಕ್ಕೆ ಹೆಚ್ಚಿನ ಲಾಭ ತಾರದ ಹಿತ್ತಲು ದಫ್ತರಗಳಲ್ಲಿ ಎಷ್ಟು ಸಿಕ್ಕೀತು? 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿ, 2004ರಲ್ಲಿ ಅದರಿಂದ ಕೃಷ್ಣಗಿರಿ ಪ್ರತ್ಯೇಕವಾದುವು. ಅವರೆಯ ಬಳ್ಳಿಗೆ ಇದಾವುದೂ ತಿಳಿಯದು.

ಹಿತ್ತಲಿನ ಅರ್ಥಶಾಸ್ತ್ರ ಬಹು ಸರಳವಾದುದು: ಯಾವುದನ್ನೂ ಬಿಸಾಡಕೂಡದು. ಪಾತ್ರೆ ತೊಳೆದ ನೀರು ಬಾಳೆಗೆ, ಕೆಸುವಿಗೆ. ಒಲೆಯ ಬೂದಿ ಕುಂಬಳದ ಎಲೆಗೆ ಕೂತ ಹುಳುವಿನ ಮೇಲೆ. ಕಸ, ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಮತ್ತೆ ಪಾತಿಗೆ. ಅವರೆ ಬೆಳೆದ ನೆಲ ಹಸನಾಗುವುದೆಂದು ರೈತರು ಅನುಭವದಿಂದ ಬಲ್ಲವರಾಗಿದ್ದರು. ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆಂಬುದನ್ನು ಜರ್ಮನಿಯ ವಿಜ್ಞಾನಿಗಳು ತೋರಿಸಿಕೊಟ್ಟುದು 1880ರ ದಶಕದಲ್ಲಿ. ಮದ್ದಿನ ಗಿಡಗಳಿಗೂ ದೂರ ಹೋಗಬೇಕಾಗಿರಲಿಲ್ಲ. ಮಗುವಿಗೆ ನೆಗಡಿಯಾದರೆ ದೊಡ್ಡಪತ್ರೆಯ ಎಲೆ, ಕೆಮ್ಮಿಗೆ ತುಳಸಿಯ ಕಷಾಯ ಬಚ್ಚಲ ಮಗ್ಗುಲಲ್ಲಿಯೇ ದೊರೆಯುತ್ತಿದ್ದುವು.

ಆಪತ್ತಿನಲ್ಲಿ ಮಾತ್ರ ಸರ್ಕಾರಗಳು ಹಿತ್ತಲನ್ನು ನೆನೆದುವು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಅಕ್ಕಿ ಬರುವುದು ನಿಂತಿತು. ಆ ಯುದ್ಧಕಾಲದಲ್ಲಿಯೇ 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಆಂದೋಲನ ಆರಂಭವಾಯಿತು. 1965ರ ಆಹಾರದ ಅಭಾವದಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ತಮ್ಮ ನಿವಾಸದ ಹುಲ್ಲುಹಾಸನ್ನೇ ಉಳಿಸಿ ಮೇಲ್ಪಂಕ್ತಿಯಾದರು. ಆಪತ್ತು ಕಳೆಯಿತು, ನೆನಪೂ ಕಳೆಯಿತು.

ಇಂದು ಹೊಸೂರು ಕೈಗಾರಿಕೆಗಳ ನಗರ. ನಿವೇಶನದ ನಾಲ್ಕು ಮೂಲೆಗೂ ಗೋಡೆ ಏಳುತ್ತಿರುವಾಗ ಹಿತ್ತಲಿಗೆ ಎಡೆಯೆಲ್ಲಿ? ಸೊಪ್ಪು ಅಂಗಡಿಯಲ್ಲಿ ಸಿಕ್ಕೀತು, ನಿಜ. ಆದರೆ ಅಂಗಡಿಯಲ್ಲಿ ಅದಕ್ಕೆ ಅಂಗಡಿಯ ಭಾಷೆಯ ಹೆಸರು. ಹೊನಗೊನ್ನೆಯನ್ನು ಕಣ್ಣಾರೆ ಕಾಣದ ಮಗುವಿಗೆ ಆ ಪದವನ್ನು ಯಾವ ನಿಘಂಟು ಕಲಿಸಬಲ್ಲದು? ಗಡಿನಾಡಿನಲ್ಲಿ ಭಾಷೆ ಶಾಲೆಯಲ್ಲಿ ಎಷ್ಟು ಉಳಿಯುವುದೋ ಅಷ್ಟೇ ಮನೆಯಲ್ಲಿಯೂ ಉಳಿಯಬೇಕು. ಹಿತ್ತಲು ಹೋದರೆ ಬೀಜವೂ ಹೆಸರೂ ಒಟ್ಟಿಗೇ ಹೋಗುತ್ತವೆ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ಒಂದು ವಿಜ್ಞಾಪನೆ. ಶಾಲೆಯ ಅಂಗಳದಲ್ಲಿ ಒಂದು ಪಾತಿಯಾದರೂ ಇರಲಿ, ಅಂಗಳವಿಲ್ಲದಿದ್ದರೆ ಕುಂಡಗಳಿರಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಅಜ್ಜಿಯನ್ನು ಕೇಳಿ ಒಂದು ಹಿಡಿ ಬೀಜವನ್ನೂ, ಆ ಗಿಡದ ಕನ್ನಡ, ತಮಿಳು, ತೆಲುಗು ಹೆಸರುಗಳನ್ನೂ, ಅದು ಯಾರ ಮನೆಯಿಂದ ಬಂದಿತೆಂಬುದನ್ನೂ ಬರೆದು ತರಲಿ. ಹೀಗೆ ಕೂಡಿದ ಪುಟಗಳೇ ಈ ಸೀಮೆಯ ಬರೆಯದೆ ಉಳಿದ ಚರಿತ್ರೆಯ ಮೊದಲ ಅಧ್ಯಾಯವಾಗುವುವು.