ಶಬ್ದ ಒಂದು, ಭಾವ ಎರಡು: ‘ಕುಲ್ತುರಾ’ ಪ್ರಯೋಗದ ಇತಿಹಾಸ

ಕಣ್ಣಾರೆ ಕಾಣದ ಸಹಪಾಠಿಯೊಡನೆ ಕಲಿಯುವ ಪದ್ಧತಿ ಅಂತರ್ಜಾಲದೊಡನೆ ಹುಟ್ಟಿದುದಲ್ಲ. ಫ್ರಾನ್ಸಿನ ಉಪಾಧ್ಯಾಯ ಸೆಲೆಸ್ತೆಂ ಫ್ರೆನೆ 1920ರ ದಶಕದಲ್ಲಿಯೇ ತನ್ನ ಶಾಲೆಯ ಮಕ್ಕಳು ಸ್ವತಃ ಬರೆದು ಅಚ್ಚುಹಾಕಿದ ಹಾಳೆಗಳನ್ನು ದೂರದ ಬ್ರಿತಾನಿ ಪ್ರಾಂತದ ಶಾಲೆಗೆ ಕಳುಹಿಸಿ, ಅಲ್ಲಿಯ ಹಾಳೆಗಳನ್ನು ತರಿಸಿಕೊಳ್ಳುತ್ತಿದ್ದನು. 1988ರಲ್ಲಿ, ಶೀತಲ ಸಮರವು ಮುಗಿಯುವ ಮೊದಲೇ, ನ್ಯೂಯಾರ್ಕ್ ಮತ್ತು ಮಾಸ್ಕೋ ಶಾಲೆಗಳು ದೂರಸಂಪರ್ಕದಿಂದ ಜೋಡಣೆಗೊಂಡವು. ಇವು ಸ್ನೇಹದ ಯತ್ನಗಳು. ಸಂಪರ್ಕ ಬೆಳೆದ ಮಾತ್ರಕ್ಕೆ ಪರಸ್ಪರ ಅರಿವೂ ಬೆಳೆಯುವುದೆಂಬ ನಂಬಿಕೆಯನ್ನು ಒರೆಗೆ ಹಚ್ಚಿದ ಪ್ರಯೋಗಗಳಲ್ಲಿ 1997ರಲ್ಲಿ ಮೊದಲಾದ ‘ಕುಲ್ತುರಾ’ ಗಣ್ಯವಾದುದು.

ಅಮೆರಿಕದ ಮಾಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಫ್ರೆಂಚ್ ಬೋಧಿಸುತ್ತಿದ್ದ ಜಿಲ್ಬೆರ್ತ್ ಫರ್ಸ್ಟನ್‌ಬರ್ಗ್ ಅವರೂ ಅವರ ಸಹೋದ್ಯೋಗಿಗಳೂ ಇದನ್ನು ರೂಪಿಸಿದರು. ಅಮೆರಿಕನ್ ಮತ್ತು ಫ್ರೆಂಚ್ ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನಾವಳಿ. ಶಬ್ದವೊಂದನ್ನು ಕೊಟ್ಟರೆ ಮನಸ್ಸಿಗೆ ತೋಚುವ ಇತರ ಶಬ್ದಗಳನ್ನು ಬರೆಯಬೇಕು. ಅರ್ಧ ವಾಕ್ಯವನ್ನು ಪೂರ್ಣಗೊಳಿಸಬೇಕು. ಅಂಗಡಿಯಲ್ಲಿ ತಾಯಿಯೊಬ್ಬಳು ಮಗುವಿಗೆ ಹೊಡೆದರೆ, ಸಾಲಿನಲ್ಲಿ ಯಾರೋ ನಡುವೆ ನುಸುಳಿದರೆ ಏನು ಮಾಡುವಿರೆಂದು ಹೇಳಬೇಕು. ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ಎರಡೂ ತರಗತಿಗಳು ಓದುತ್ತಿದ್ದವು. ಬಳಿಕ ವಾದ, ವಿವರಣೆ, ಮರುಪ್ರಶ್ನೆ.

ಇಲ್ಲಿ ಗಮನಿಸತಕ್ಕ ನಿಯಮವೊಂದುಂಟು. ಪ್ರತಿಯೊಬ್ಬನೂ ತನ್ನ ಭಾಷೆಯಲ್ಲಿಯೇ ಬರೆಯಬೇಕು. ಪರಭಾಷೆಯ ಅಭ್ಯಾಸಕ್ಕೆಂದು ಬಂದವರಿಗೆ ಈ ನಿಯಮ ವಿಚಿತ್ರವೆನಿಸಬಹುದು. ಆದರೆ ಅರೆಬರೆ ಕಲಿತ ಭಾಷೆಯಲ್ಲಿ ಮನುಷ್ಯನು ತನಗೆ ತೋಚಿದುದನ್ನಲ್ಲ, ತನ್ನಿಂದ ಹೇಳಲು ಸಾಧ್ಯವಾದುದನ್ನು ಹೇಳುತ್ತಾನೆ. ಹೊರನಾಡಿನಲ್ಲಿ ನೆಲೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ನಿಯಮದಿಂದ ಎರಡು ಪಕ್ಷಗಳೂ ಸಮಾನವಾದವು. ಓದುವವರಿಗೂ ಸಹಜವಾದ ಭಾಷೆ ದೊರಕಿತು.

ಫಲಿತಾಂಶವು ನಿಘಂಟನ್ನು ನಂಬಿದವರನ್ನು ಬೆರಗುಗೊಳಿಸುವಂತಿತ್ತು. ‘ವ್ಯಕ್ತಿವಾದ’ ಎಂಬ ಅರ್ಥದ ಶಬ್ದ ಎರಡು ಭಾಷೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ರೂಪದಲ್ಲಿದೆ. ಅಮೆರಿಕನ್ನರು ಅದರ ಮುಂದೆ ಸ್ವಾತಂತ್ರ್ಯ, ಸ್ವಾವಲಂಬನೆ ಎಂದು ಬರೆದರೆ, ಫ್ರೆಂಚರ ಉತ್ತರಗಳಲ್ಲಿ ಸ್ವಾರ್ಥವೆಂಬ ಮಾತು ಎದ್ದು ಕಂಡಿತು. ಒಬ್ಬರ ಗುಣ ಇನ್ನೊಬ್ಬರಿಗೆ ದೋಷ! ಅಧ್ಯಾಪಕರು ಮೊದಲೇ ತೀರ್ಪು ಕೊಡದೆ ವಿದ್ಯಾರ್ಥಿಗಳೇ ಕಾರಣವನ್ನು ಹುಡುಕಲೆಂದು ಬಿಟ್ಟುದು ಈ ಪದ್ಧತಿಯ ನಿಜವಾದ ಬಲ.

ಎಲ್ಲ ವಿನಿಮಯಗಳೂ ಹೀಗೆ ಫಲಿಸಲಿಲ್ಲ. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ವಿದ್ಯಾರ್ಥಿಗಳ ವರ್ಷಾವಧಿ ಮಿಂಚಂಚೆ ವ್ಯವಹಾರವನ್ನು ಪರಿಶೀಲಿಸಿ ರಾಬರ್ಟ್ ಒ’ಡೌಡ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ನಾಡಿನ ವಿಷಯವನ್ನು ಆಸಕ್ತಿಯಿಂದ ಕೇಳಿ ಮರುಪ್ರಶ್ನಿಸುವ ಜೊತೆಗಾರರನ್ನು ಪಡೆದವರ ದೃಷ್ಟಿ ವಿಶಾಲವಾಯಿತು. ಅಂತಹ ಕಿವಿ ದೊರೆಯದ ಕೆಲವರಲ್ಲಿ ಹಳೆಯ ಪೂರ್ವಗ್ರಹಗಳೇ ಇನ್ನಷ್ಟು ಬೇರೂರಿದವು.