ಟಿ.ಸಿ. ಕೇಳಿದ ಹುಡುಗಿ

ಶಾಲೆ ತೆರೆದು ಎರಡು ವಾರವೂ ಆಗಿರಲಿಲ್ಲ. ಭದ್ರಾವತಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಶಿವಮೊಗ್ಗದ ನಮ್ಮ ಶಾಲೆಯ ಮೆಟ್ಟಿಲು ಹತ್ತಿದರೆ, ಬಾಗಿಲಲ್ಲೇ ಒಬ್ಬ ತಂದೆ ಮಗಳೊಂದಿಗೆ ಕಾದು ನಿಂತಿದ್ದರು. ಮುಖ್ಯೋಪಾಧ್ಯಾಯಿನಿಯವರು ರಜೆಯಲ್ಲಿದ್ದುದರಿಂದ ಕಚೇರಿ ಕೆಲಸ ನನ್ನ ತಲೆಗೆ ಬಂದಿತ್ತು.

"ಟಿ.ಸಿ. ಬೇಕಿತ್ತು ಟೀಚರಮ್ಮ" ಎಂದರು.

ಹುಡುಗಿ ಒಂಬತ್ತನೆಯ ತರಗತಿ ಮುಗಿಸಿದ್ದವಳು, ನನ್ನ ಪಾಠದಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುವವಳು. ಅದು 2022. ಉಡುಪಿಯಲ್ಲಿ ಹೊತ್ತಿಕೊಂಡ ಹಿಜಾಬ್ ವಿವಾದ ಆ ಫೆಬ್ರವರಿಯಲ್ಲಿ ನಮ್ಮೂರಿಗೂ ಹರಡಿತ್ತು. ಸರ್ಕಾರ ಹೈಸ್ಕೂಲು, ಕಾಲೇಜುಗಳಿಗೆ ರಜೆ ಸಾರಿತ್ತು. ಮಾರ್ಚ್ 15ರಂದು ಹೈಕೋರ್ಟಿನ ತೀರ್ಪೂ ಬಂದಿತ್ತು.

"ಮನೇಲಿ ಕೂರಿಸೋಕೆ ಮನಸ್ಸಿಲ್ಲ. ನಮ್ಮೋರೇ ನಡೆಸೋ ಶಾಲೆ ಒಂದೈತೆ, ಅಲ್ಲಿಗೆ ಹಾಕ್ತೀನಿ" ಎಂದರು.

ಶಾಲೆ ಬಿಡಲು ಕಾರಣ ಎಂಬ ಅಂಕಣಕ್ಕೆ ಬಂದು ನನ್ನ ಪೆನ್ನು ನಿಂತಿತು. ಕೊನೆಗೆ 'ಪೋಷಕರ ಕೋರಿಕೆ' ಎಂದು ಬರೆದೆ. ಬರೆದದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಇತಿಹಾಸ ಕಲಿಸುವವರಿಗೆ ಒಂದು ಚಾಳಿ. ಮನಸ್ಸು ಕಸಿವಿಸಿಯಾದಾಗ ಹಳೆಯ ಇಸವಿಗಳನ್ನು ಹುಡುಕಿಕೊಂಡು ಹೋಗುತ್ತೇವೆ. ಆ ರಾತ್ರಿ ನನಗೆ ನೆನಪಾದದ್ದು ಮೈಸೂರಿನ ಮಹಾರಾಣಿ ಶಾಲೆ. ಮಿಷನರಿಗಳು ನಮ್ಮ ನಾಡಿನಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ, ಮಗಳು ಅಕ್ಷರದ ಜೊತೆ ಮತವನ್ನೂ ಕಲಿತು ಬಂದಾಳೆಂದು ಎಷ್ಟೋ ಮನೆಯವರು ಹೆದರಿದರು. ಒಡೆಯರ ಕೈಗೆ ಆಡಳಿತ ಮರಳಿ ಬಂದ 1881ರಲ್ಲೇ ಅಂಬಳೆ ನರಸಿಂಹ ಅಯ್ಯಂಗಾರರು ಅರಮನೆಯ ಆಶ್ರಯದಲ್ಲಿ ಈ ಶಾಲೆ ಆರಂಭಿಸಿದರು. ಅಲ್ಲಿ ಸಂಗೀತವೂ ಇತ್ತು, ಸಂಸ್ಕೃತವೂ ಇತ್ತು. ಹೆದರಿದ್ದವರು ಮಗಳನ್ನು ಕಳಿಸಿದರು. ಮಿಷನ್ ಶಾಲೆಗಳಿದ್ದ ಮಂಗಳೂರಿನಲ್ಲೂ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹುಡುಗಿಯರ ಶಾಲೆಯನ್ನೂ ಕಟ್ಟಿದರು. ನಾವು ದುಡ್ಡಿಡುವ ಕೆನರಾ ಬ್ಯಾಂಕ್ ಕಟ್ಟಿದವರೂ ಅವರೇ.

ಆದರೆ 'ನಮ್ಮ ಶಾಲೆ' ಎನ್ನುವಾಗ ಈ 'ನಾವು' ಯಾರು? ಮಹಾರಾಣಿ ಶಾಲೆ ಮೊದಲಿಗೆ ಮೇಲುಜಾತಿಯ ಹುಡುಗಿಯರದು. ದಲಿತ ಮಕ್ಕಳಿಗಾಗಿ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ಬೇರೆಯೇ ಶಾಲೆ ತೆರೆಯಬೇಕಾಯಿತು.

ಇದು ನಮ್ಮಲ್ಲಿ ಮಾತ್ರ ನಡೆದದ್ದೆಂದು ಭಾವಿಸಬೇಡಿ. ಆಫ್ರಿಕದ ಕೀನ್ಯದಲ್ಲಿ ಹುಡುಗಿಯರ ಅಂಗ ಕೊಯ್ಯುವ ಪದ್ಧತಿಯೊಂದಿತ್ತು. 1929ರಲ್ಲಿ ಅಲ್ಲಿನ ಮಿಷನ್‌ಗಳು, ಅದನ್ನು ಬಿಟ್ಟರಷ್ಟೇ ಚರ್ಚಿನಲ್ಲೂ ಶಾಲೆಯಲ್ಲೂ ಜಾಗ ಎಂದು ಪಟ್ಟುಹಿಡಿದವು. ಆ ಪದ್ಧತಿ ಕ್ರೂರವೇ. ಓದಿದಾಗ ನನ್ನ ಮೈ ನಡುಗಿತ್ತು. ಆದರೆ ಕಿಕುಯು ಜನ ಬಿಳಿಯರಿಗೆ ಆಗಲೇ ಭೂಮಿ ಕಳೆದುಕೊಂಡಿದ್ದರು. ಇನ್ನು ಮನೆಯೊಳಗಿನದನ್ನೂ ಕಸಿಯುತ್ತಾರೆ ಎಂದುಕೊಂಡು ಮಕ್ಕಳನ್ನು ಬಿಡಿಸಿಕೊಂಡರು. ತಾವೇ ಚಂದಾ ಎತ್ತಿ ತಮ್ಮದೇ ಚರ್ಚು, ತಮ್ಮದೇ ಶಾಲೆ ಕಟ್ಟಿದರು. 1939ರಲ್ಲಿ ಗಿಥುಂಗುರಿಯಲ್ಲಿ ಶಿಕ್ಷಕರ ಕಾಲೇಜು ತೆರೆದರು. ಮುಂದೆ ಅದನ್ನು ನಡೆಸಿದ ಜೋಮೊ ಕೆನ್ಯಾಟ ದೇಶದ ಮೊದಲ ಅಧ್ಯಕ್ಷರಾದರು. ಅಲ್ಲಿ ಹುಡುಗಿಯರ ವಸತಿಗೃಹಕ್ಕೆ ಹೆಂಗಸರೇ ಹಣ ಕೂಡಿಸಿದರಂತೆ! 1952ರಲ್ಲಿ ತುರ್ತು ಪರಿಸ್ಥಿತಿ ಹೇರಿದ ಬ್ರಿಟಿಷ್ ಸರ್ಕಾರ, ದಂಗೆಕೋರರ ತಾಣಗಳೆಂದು ಇಂಥ ಶಾಲೆಗಳಿಗೆ ಬೀಗ ಜಡಿಯಿತು.

ಎರಡು ದೇಶ, ಬೇರೆ ಬೇರೆ ಧರ್ಮ. ಆದರೂ ಮನೆಯೋ ಶಾಲೆಯೋ ಒಂದನ್ನು ಆರಿಸಿಕೋ ಎಂದು ಮಗುವನ್ನು ನಿಲ್ಲಿಸಿದ ಕಡೆಯೆಲ್ಲ ಇನ್ನೊಂದು ಶಾಲೆ ಎದ್ದಿದೆ. ಜಗಳ ಹೆಚ್ಚಾಗಿ ಹುಡುಗಿಯ ಮೈಮೇಲಿನ ಬಟ್ಟೆಗೆ, ಮೈಗೆ, ಮಾನಕ್ಕೆ. ಅವಳನ್ನು ಕೇಳಿದವರು ಮಾತ್ರ ಕಡಿಮೆ.

ಇಂಥ ಶಾಲೆಗಳನ್ನು ಹಗುರವಾಗಿ ಆಡುವ ಹಕ್ಕು ನನಗಿಲ್ಲ. ಕಾರ್ಖಾನೆ ನೌಕರನ ಮಗಳಾದ ನಾನು ಬಿ.ಎ. ಓದಿದ್ದು ಶಿವಮೊಗ್ಗದ ಕಮಲಾ ನೆಹರು ಕಾಲೇಜಿನಲ್ಲಿ. ಅದನ್ನು ನಡೆಸುವ ನ್ಯಾಷನಲ್ ಎಜುಕೇಷನ್ ಸೊಸೈಟಿ ಹುಟ್ಟಿದ್ದು 1946ರಲ್ಲಿ, ಸ್ವಾತಂತ್ರ್ಯದ ಹಿಂದಿನ ವರ್ಷ. ಹೆಸರಲ್ಲೇ ಆ ಕಾಲದ ಬಿಸಿ ಇದೆ. ಆದರೆ ಅಲ್ಲಿನ 'ನಾವು' ದೊಡ್ಡದಿತ್ತು. ನನ್ನ ಬೆಂಚಿನಲ್ಲಿ ಮೂರು ಮತದವರು ಬುತ್ತಿ ಹಂಚಿಕೊಂಡು ಉಂಡಿದ್ದೇವೆ.

ಮರುವರ್ಷ ಆ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು. ಸಂತೋಷದಿಂದ ಕೈ ಹಿಡಿದುಕೊಂಡೆ.

"ಹೊಸ ಶಾಲೆ ಹೇಗಿತ್ತಮ್ಮ?"

"ಚೆನ್ನಾಗಿತ್ತು ಮಿಸ್. ಆದ್ರೆ ಅಲ್ಲಿ ಎಲ್ಲಾ ನಮ್ಮೋರೇ" ಎಂದಳು.

ಅವಳು ಹೋದ ಮೇಲೆ ನನ್ನ ತರಗತಿಯನ್ನು ನೆನೆಸಿಕೊಂಡೆ. ಅಲ್ಲೂ ಈಗ ಹೆಚ್ಚುಕಡಿಮೆ ಎಲ್ಲಾ ನಮ್ಮವರೇ. ಮೊದಲು ಕೈ ಎತ್ತುವವರು ಯಾರೂ ಇಲ್ಲ.